ಟೈಗ್ರಿಸ್ ಹೊಳೆಯಲ್ಲಿ ಹುಣಸೆಹಣ್ಣು

ಅಮೆರಿಕ ಆಗಷ್ಟೇ ದಾಳಿಯಿಟ್ಟಿದ್ದ ಇರಾಕ್ ತನ್ನ ಪುನರ್ನಿರ್ಮಾಣದ ಖರ್ಚನ್ನು ತಾನೇ ಹೊರಬಲ್ಲ ದೇಶವೆಂದು ಅಮೆರಿಕದ ರಕ್ಷಣಾ ಉಪಕಾರ್ಯದರ್ಶಿ ಪಾಲ್ ವುಲ್ಫೋವಿಟ್ಸ್ 2003ರ ಮಾರ್ಚ್‌ನಲ್ಲಿ ಜನಪ್ರತಿನಿಧಿಗಳಿಗೆ ಭರವಸೆ ಕೊಟ್ಟರು. ಆ ಹಣವನ್ನು ಖರ್ಚು ಮಾಡುವ ಹೊಣೆ ಯಾರದೆಂಬುದೂ ಅದೇ ತಿಂಗಳು ತೀರ್ಮಾನವಾಯಿತು. 700 ಕೋಟಿ ಡಾಲರ್‌ವರೆಗೆ ಬೆಳೆಯಬಹುದಾಗಿದ್ದ ತೈಲೋದ್ಯಮ ದುರಸ್ತಿಯ ಗುತ್ತಿಗೆಯು ಟೆಂಡರಿನ ತಾಪತ್ರಯವಿಲ್ಲದೆ ಅಮೆರಿಕದ ತೈಲಸೇವಾ ಸಂಸ್ಥೆ ಹಾಲಿಬರ್ಟನ್ ಒಡೆತನದ ಕೆಬಿಆರ್ ಕಂಪನಿಯ ಪಾಲಾಯಿತು. 2000ದವರೆಗೆ ಹಾಲಿಬರ್ಟನ್ ಮುಖ್ಯಸ್ಥರಾಗಿದ್ದ ಡಿಕ್ ಚೇನಿ ಆಗ ಅಮೆರಿಕದ ಉಪಾಧ್ಯಕ್ಷರಾಗಿದ್ದರು ನಿಜ. ಆದರೆ ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ನಂಟು ಹುಡುಕುವುದು ಸಭ್ಯರ ಲಕ್ಷಣವಲ್ಲ.

ಸಭ್ಯತೆಯನ್ನು ಬದಿಗಿಟ್ಟು ಉತ್ತರ ಇರಾಕಿನ ಅಲ್ ಫತಾಹ್‌ಗೆ ಹೋಗೋಣ. ಕಿರ್ಕುಕ್‌ ತೈಲಕ್ಷೇತ್ರದ ತೈಲವನ್ನು ಟೈಗ್ರಿಸ್ ದಾಟಿಸುತ್ತಿದ್ದ ಕೊಳವೆಗಳು ಅಲ್ಲಿನ ಸೇತುವೆಯ ಮೇಲೆ ಹಾದುಹೋಗುತ್ತಿದ್ದವು. ಸೇತುವೆಗೆ ಬಾಂಬು ಹಾಕಿದವರು ಅಮೆರಿಕದವರೇ ಆದ್ದರಿಂದ ದುರಸ್ತಿಯ ಅಗತ್ಯವನ್ನು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಕೊಳವೆಗಳನ್ನು ಮತ್ತೆ ಸೇತುವೆಯ ಮೇಲೆ ಒಯ್ಯುವ ಬದಲು ನದಿಯ ತಳವನ್ನೇ ಅಡ್ಡಡ್ಡ ಕೊರೆದು ತೂರಿಸುವುದೆಂದು ನಿಶ್ಚಯವಾಯಿತು. ತಳದ ನೆಲ ನಂಬತಕ್ಕದ್ದಲ್ಲವೆಂದು ಭೂವಿಜ್ಞಾನಿಗಳು ಮೊದಲೇ ಎಚ್ಚರಿಸಿದ್ದರು. ಆ ಎಚ್ಚರಿಕೆಗೆ ಬೆಲೆ ಕೊಟ್ಟದ್ದು ಮರಳು ಮತ್ತು ಜಲ್ಲಿಕಲ್ಲು ಮಾತ್ರ. ಕೊರೆದಂತೆಲ್ಲ ಅವು ಕುಸಿದು ರಂಧ್ರವನ್ನು ಮುಚ್ಚಿದವು, ಮುಚ್ಚಿದಂತೆಲ್ಲ ಕೆಬಿಆರ್‌ನವರು ಮತ್ತೆ ಕೊರೆಸಿದರು. ಯೋಜನೆಗಿದ್ದ 7.57 ಕೋಟಿ ಡಾಲರ್ ಮುಗಿಯಿತು, ಕೆಲಸ ಮುಗಿಯಲಿಲ್ಲ. ನಮ್ಮಲ್ಲಿ ಹೊಳೆಯಲ್ಲಿ ಹುಣಸೆಹಣ್ಣು ಕಿವುಚುವವರು ಹಣ್ಣನ್ನಾದರೂ ಸ್ವಂತದ್ದೇ ತರುತ್ತಾರೆ; ಈ ಗುತ್ತಿಗೆಯ ಒಟ್ಟು ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಇರಾಕಿನದೇ ಆಗಿತ್ತು.

ಇತ್ತ ತೈಲದ ಮೇಲೆಯೇ ಕೂತಿದ್ದ ನಾಡಿನ ಜನ ಪೆಟ್ರೋಲಿಗೆ ಮೈಲುದ್ದ ಸಾಲು ನಿಂತಿದ್ದರು. ಅವರಿಗಾಗಿ ಕಂಪನಿಯು ತುರ್ಕಿಯಿಂದ ಗ್ಯಾಲನ್‌ಗೆ 1.18 ಡಾಲರ್‌ನಂತೆಯೂ ಪಕ್ಕದ ಕುವೈತ್‌ನಿಂದ 2.27 ಡಾಲರ್‌ನಂತೆಯೂ ಪೆಟ್ರೋಲ್ ತರಿಸಿತು. ಹೀಗೆ 6.1 ಕೋಟಿ ಡಾಲರ್ ಹೆಚ್ಚಿಗೆ ಬಿದ್ದಿರಬಹುದೆಂದು ಪೆಂಟಗನ್‌ನ ಲೆಕ್ಕ ಪರಿಶೋಧಕರು ಅದೇ ಡಿಸೆಂಬರ್‌ನಲ್ಲಿ ಹೇಳಿದರು. ತಗಲಿದ ಖರ್ಚಿನ ಮೇಲೆ ಶೇಕಡಾವಾರು ಲಾಭ ಸೇರಿಸಿ ಕೊಡುವ ಒಪ್ಪಂದವಿದ್ದಾಗ ಅಗ್ಗದ ಪೆಟ್ರೋಲ್ ಹುಡುಕುವ ಗುತ್ತಿಗೆದಾರನನ್ನು ಸಂತನೆಂದೇ ಕರೆಯಬೇಕಾಗುತ್ತದೆ.

ಪರಿಶೋಧಕರು ಒಟ್ಟು 25 ಕೋಟಿ ಡಾಲರ್‌ಗೂ ಹೆಚ್ಚಿನ ಬಿಲ್ಲುಗಳಿಗೆ ಆಕ್ಷೇಪ ಎತ್ತಿದ್ದರು. ಅಮೆರಿಕದ ಸೇನೆಯು ಎಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಿ, 2006ರಲ್ಲಿ 1.01 ಕೋಟಿಯನ್ನು ತಡೆಹಿಡಿದು ಮಿಕ್ಕದ್ದನ್ನು ಪಾವತಿಸಿತು. ಹಾಗೆಂದು ಯಾರ ಮೇಲೂ ಕ್ರಮ ಜರುಗಲಿಲ್ಲವೆನ್ನುವಂತಿಲ್ಲ. ಟೆಂಡರಿಲ್ಲದ ಗುತ್ತಿಗೆಯ ಅವಧಿ ಒಂದು ವರ್ಷ ಮೀರಬಾರದೆಂಬ ತಕರಾರನ್ನು ಕಡತದಲ್ಲೇ ತಮ್ಮ ಸಹಿಯ ಮೇಲೆ ಕೈಬರಹದಲ್ಲಿ ದಾಖಲಿಸಿದ್ದ ಸೇನಾ ಇಂಜಿನಿಯರಿಂಗ್ ದಳದ ಹಿರಿಯ ಗುತ್ತಿಗೆ ಅಧಿಕಾರಿ ಬನ್ನಟೀನ್ ಗ್ರೀನ್‌ಹೌಸ್ ಅವರಿಗೆ 2005ರ ಆಗಸ್ಟ್‌ನಲ್ಲಿ ಹಿಂಬಡ್ತಿಯಾಯಿತು. ಕಾರಣ: ಕಾರ್ಯಕ್ಷಮತೆ ಸಾಲದು.