ರಜೆಗೆ ಏನು ಕೊಟ್ಟಿದ್ದೀರಿ, ಅಕ್ಕೋರೆ?

ಮಾರ್ಚ್ ಕೊನೆಗೆ ನಮ್ಮ ಕಡೆಯ ಪ್ರಾಥಮಿಕ ಶಾಲೆಗಳಿಗೆ ಒಂದು ವಿಚಿತ್ರ ಬಿಡುವು ಬರುತ್ತದೆ. ಪಾಠ ಮುಗಿದಿರುತ್ತದೆ, ಪರೀಕ್ಷೆ ಮುಗಿದಿರುತ್ತದೆ, ಶಾಲೆ ಮಾತ್ರ ಮುಗಿದಿರುವುದಿಲ್ಲ. ಏಪ್ರಿಲ್ 10ರಂದು ಫಲಿತಾಂಶ ಓದಿ ಹೇಳುವವರೆಗೆ ಮಕ್ಕಳು ಬರಲೇಬೇಕು, ನಾವು ಇರಲೇಬೇಕು. ಅಷ್ಟರಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿಯನ್ನು ಮುಟ್ಟಿ ನೋಡುತ್ತಿರುತ್ತದೆ. ಹಾಗಾಗಿ ಬೆಳಗಿನ ಶಾಲೆ: ಎಂಟಕ್ಕೆ ಗಂಟೆ, ಹನ್ನೆರಡೂವರೆಗೆ ಮನೆ. ವಿಜಯಪುರ, ಬಾಗಲಕೋಟೆಗಳಲ್ಲಿ ಸರಕಾರಿ ಕಚೇರಿಗಳೂ ಏಪ್ರಿಲ್, ಮೇ ತಿಂಗಳಲ್ಲಿ ಬೆಳಗಿನ ಎಂಟಕ್ಕೇ ಬಾಗಿಲು ತೆರೆಯುತ್ತವೆ. ಅರ್ಜಿ, ಮನವಿ, ಧರಣಿ ಯಾವುದೂ ಇಲ್ಲದೆ ಸರಕಾರದ ವೇಳಾಪಟ್ಟಿ ಬದಲಿಸಬಲ್ಲವನು ಸೂರ್ಯ ಒಬ್ಬನೇ.

ಈ ದಿನಗಳನ್ನು ‘ಸುಮ್ಮನೆ ಹೋಗುವ ದಿನ’ ಎಂದು ಹೇಳುವವರಿದ್ದಾರೆ. ಚಿಕ್ಕ ತರಗತಿಗಳಿಗೆ ಕಲಿಸುವ ನನ್ನನ್ನು ಕೇಳಿದರೆ ವರ್ಷದಲ್ಲಿ ಇವೇ ಬೆಲೆಯುಳ್ಳ ದಿನಗಳು. ಮುಗಿಸಬೇಕಾದ ಪಾಠ ಇಲ್ಲವಾದಾಗ ಏಳು ವರ್ಷದ ಮಗು ಎಷ್ಟು ಗಂಭೀರವಾಗಿ ಕೆಲಸ ಮಾಡುತ್ತದೆ ಎಂಬುದನ್ನು ಆಗ ನೋಡಬೇಕು.

ನಮ್ಮದು ನಲಿಕಲಿ ಕೋಣೆ. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳೆಲ್ಲ ಒಂದೇ ಕಡೆ ನೆಲದ ಮೇಲೆ ಗುಂಪುಗಳಾಗಿ ಕೂರುತ್ತಾರೆ. ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಶಿಕ್ಷಕರು 1995ರಲ್ಲಿ ಶುರು ಮಾಡಿದ ಪದ್ಧತಿ ಇದು. 2009ರ ಹೊತ್ತಿಗೆ ರಾಜ್ಯದ ತುಂಬ ಹರಡಿತು. ಗೋಡೆಯ ಮೇಲೆ ಕಲಿಯಬೇಕಾದುದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕಲಿಕೆಯ ಏಣಿ, ತಟ್ಟೆಗಳಲ್ಲಿ ಕಲಿಕೆಯ ಕಾರ್ಡು, ತಲೆಯ ಮೇಲೆ ಚಪ್ಪರ. ಚಪ್ಪರವೆಂದರೆ ಗೋಡೆಯಿಂದ ಗೋಡೆಗೆ ಕಟ್ಟಿದ ದಾರಗಳು. ವರ್ಷವಿಡೀ ಮಕ್ಕಳು ಬರೆದದ್ದು, ಕತ್ತರಿಸಿದ್ದು, ಬಣ್ಣ ಬಳಿದದ್ದು ಎಲ್ಲ ಅದಕ್ಕೆ ತೂಗುಬೀಳುತ್ತದೆ. ಏಪ್ರಿಲ್ ಮೊದಲ ವಾರ ಅದನ್ನು ಇಳಿಸುವುದು ನಮ್ಮಲ್ಲಿ ದೊಡ್ಡ ಸಮಾರಂಭ. ಜೂನ್ ತಿಂಗಳಲ್ಲಿ ತಾನೇ ಬರೆದ ಆನೆಯನ್ನು ಕೈಯಲ್ಲಿ ಹಿಡಿದು ‘ಇದು ಯಾರ ಹಂದಿ?’ ಎಂದು ಕೇಳಿದವನಿದ್ದಾನೆ. ಹೆಸರು ಓದಿ ತೋರಿಸಿದರೂ ಒಪ್ಪಲಿಲ್ಲ. ತಾನು ಅಷ್ಟು ಕೆಟ್ಟದಾಗಿ ಬರೆಯುತ್ತಿದ್ದೆ ಎಂಬುದನ್ನು ಅವನು ನಂಬಲೇ ಇಲ್ಲ. ಯಾವ ಪ್ರಗತಿ ಪತ್ರ ಇಷ್ಟು ಸ್ಪಷ್ಟವಾಗಿ ಮಾತನಾಡುತ್ತದೆ?

ಎತ್ತರ ಅಳೆಯುವುದು ಇನ್ನೊಂದು ಕೆಲಸ. ಜೂನ್‌ನಲ್ಲಿ ಬಾಗಿಲ ಪಕ್ಕ ಪೆನ್ಸಿಲಿನಿಂದ ಗೀರಿದ ಗುರುತಿಗೆ ಬೆನ್ನು ಹಚ್ಚಿ ನಿಲ್ಲಿಸಿ ಹೊಸ ಗುರುತು ಹಾಕಿದರೆ ನಡುವೆ ನಾಲ್ಕೈದು ಸೆಂಟಿಮೀಟರ್ ಕಾಣುತ್ತದೆ. ಈ ವಯಸ್ಸಿನಲ್ಲಿ ಮಕ್ಕಳು ವರ್ಷಕ್ಕೆ ಸುಮಾರು ಐದಾರು ಸೆಂಟಿಮೀಟರ್ ಬೆಳೆಯುತ್ತಾರೆ. ಮೂರನೆಯ ತರಗತಿಯವರು ಸ್ಕೇಲು ಹಿಡಿದು ಕಳೆಯುವ ಲೆಕ್ಕ ಮಾಡಿ ಚಿಕ್ಕವರಿಗೆ ತೀರ್ಪು ಕೊಡುತ್ತಾರೆ. ಹಿಮ್ಮಡಿ ಎತ್ತಿ ನಿಂತವರನ್ನು ಹಿಡಿಯಲು ಬೇರೆ ಕಾವಲುಗಾರರಿರುತ್ತಾರೆ. ಆ ಹುದ್ದೆಗೆ ಅಭ್ಯರ್ಥಿಗಳು ಬಹಳ.

ಹರಿದ ಕಾರ್ಡುಗಳಿಗೆ ಅಂಟು ಹಚ್ಚುವುದು, ಓದಲು ಒಯ್ದ ಪುಸ್ತಕಗಳನ್ನು ಮರಳಿ ತರಿಸುವುದು ಇತ್ಯಾದಿ ಇದ್ದೇ ಇರುತ್ತದೆ. ಅದರ ಮಾತು ಬೇಡ. ಗಡಿಯಾರಗಳ ವಿಷಯ ಹೇಳಬೇಕು.

ಏಳನೆಯ ತರಗತಿ ಮುಗಿಸಿ ಹೋಗುವವರು ಬೀಳ್ಕೊಡುಗೆಯ ದಿನ ಗೋಧಿ ಹುಗ್ಗಿ ಉಂಡು, ನೆನಪಿಗಾಗಿ ಶಾಲೆಗೊಂದು ವಸ್ತು ಕೊಡುವ ರೂಢಿ ನಮ್ಮಲ್ಲಿದೆ. ಹಣ ಕೂಡಿಸಿ ಪಟ್ಟಣಕ್ಕೆ ಹೋದವರು ಪ್ರತಿ ವರ್ಷ ತರುವುದು ಗೋಡೆ ಗಡಿಯಾರವನ್ನೇ. ಬಕೆಟ್ ತನ್ನಿ, ಚೆಂಡು ತನ್ನಿ, ಜಮಖಾನೆಯನ್ನಾದರೂ ತನ್ನಿ ಎಂದು ಮುಖ್ಯ ಗುರುಗಳು ಮೊದಲೇ ಹೇಳಿ ನೋಡಿದ್ದಾರೆ. ಬಕೆಟ್ಟಿನ ಮೇಲೆ ಎಲ್ಲರ ಹೆಸರು ಬರೆಸಲು ಬರುವುದಿಲ್ಲವಂತೆ. ಹೀಗಾಗಿ ಶಾಲೆಯಲ್ಲಿ ಕೋಣೆಗಳಿಗಿಂತ ಗಡಿಯಾರಗಳು ಹೆಚ್ಚು; ಕೋಣೆಗೊಂದು ಹಂಚಿ ಉಳಿದವೆಲ್ಲ ನಲಿಕಲಿ ಕೋಣೆಗೆ ಬಂದಿವೆ. ಒಂದೊಂದರದು ಒಂದೊಂದು ವೇಳೆ. ಒಂದು ನಿಂತೇ ಹೋಗಿದೆ, ಒಂದು ಹಿಂದೆ, ಒಂದಕ್ಕೆ ಬಹಳ ಅವಸರ. ಗಂಟೆ, ನಿಮಿಷ ಕಲಿಸಲು ಇದಕ್ಕಿಂತ ಒಳ್ಳೆಯ ಸಾಮಗ್ರಿಯನ್ನು ಯಾವ ಇಲಾಖೆಯೂ ಕೊಟ್ಟಿಲ್ಲ. ‘ಇವುಗಳಲ್ಲಿ ಯಾವುದು ಸರಿ?’ ಎಂದು ಕೇಳಿ ಸುಮ್ಮನೆ ಕುಳಿತರೆ ಸಾಕು. ಬಿಸಿಯೂಟದ ವಾಸನೆಯ ಮೇಲಿಂದ ಲೆಕ್ಕ ಹಾಕುವವರು, ಹೊರಗೆ ಹೋಗಿ ನೆರಳು ನೋಡಿ ಬರುವವರು, ತಾಳಿಕೋಟೆಯ ಬಸ್ ಹೋಯಿತೇ ಎಂದು ವಿಚಾರಿಸುವವರು. ನಿಂತ ಗಡಿಯಾರವೂ ದಿನಕ್ಕೆ ಎರಡು ಸಲ ಸರಿ ಹೇಳುತ್ತದೆ ಎಂದು ಒಬ್ಬಳು ಕಂಡುಹಿಡಿದಳು. ಆಮೇಲೆ ಅದು ಸರಿ ಹೇಳುವ ಗಳಿಗೆಗಾಗಿ ಇಡೀ ಕೋಣೆ ಕಾಯುತ್ತಿತ್ತು. ಆ ಗಳಿಗೆ ಹನ್ನೊಂದು ಹತ್ತು. ಆಗ ಕೇಳಿದ ಚಪ್ಪಾಳೆಯನ್ನು ನಾನು ಯಾವ ರಾಷ್ಟ್ರೀಯ ಹಬ್ಬದಲ್ಲೂ ಕೇಳಿಲ್ಲ.

ಏಪ್ರಿಲ್ 10 ಬರುತ್ತದೆ. ಊರವರು ಬರುತ್ತಾರೆ, ಫಲಿತಾಂಶ ಓದುತ್ತೇವೆ. ಚಿಕ್ಕ ತರಗತಿಗಳಲ್ಲಿ ಎಲ್ಲರೂ ಪಾಸಾಗುವುದರಿಂದ ಅಲ್ಲಿ ಕುತೂಹಲವೇನೂ ಇಲ್ಲ. ತಾಯಂದಿರಿಗೆ ಬೇಕಾದದ್ದು ಬೇರೆ. ‘ರಜೆಗೆ ಏನು ಕೊಟ್ಟಿದ್ದೀರಿ, ಅಕ್ಕೋರೆ?’ ಏನೂ ಕೊಟ್ಟಿಲ್ಲ ಎಂದರೆ ನನ್ನ ಬಗ್ಗೆ ಇದ್ದ ಗೌರವ ಅರ್ಧಕ್ಕಿಳಿಯುತ್ತದೆ. ‘ದಿನಕ್ಕೊಂದು ಪುಟ ಕಾಪಿ ಬರೆಯಲಿ, ತಾಯಿ’ ಎಂದರೆ ಸಮಾಧಾನದಿಂದ ಹೋಗುತ್ತಾರೆ. ಈ ಕಾಪಿಯ ಗತಿ ನನಗೆ ಗೊತ್ತು, ಅವರಿಗೂ ಗೊತ್ತು. ಮೊದಲ ಪುಟ ಏಪ್ರಿಲ್ 11ರಂದು ಮುತ್ತು ಪೋಣಿಸಿದಂತೆ ಬರುತ್ತದೆ. ಉಳಿದದ್ದು ಮೇ ತಿಂಗಳ ಕೊನೆಯ ರಾತ್ರಿ, ದೊಡ್ಡಕ್ಕನ ಅಕ್ಷರದಲ್ಲಿ. ಅಪ್ಪನೇ ಬರೆದ ಪುಟಗಳೂ ಸಿಗುತ್ತವೆ. ರುಜು ಮಾಡುವ ಅಭ್ಯಾಸ ಕೈಗೆ ಹತ್ತಿರುವುದರಿಂದ ಅವುಗಳ ಕೊನೆಯ ಸಾಲಿನ ಅಕ್ಷರ ಬಲಕ್ಕೆ ಓಡುತ್ತಿರುತ್ತದೆ. ಪಟ್ಟಣದ ಕೆಲವು ಶಾಲೆಗಳಲ್ಲಿ ಇದಕ್ಕೆ ಪ್ರಾಜೆಕ್ಟ್ ಎನ್ನುತ್ತಾರೆ. ಅಲ್ಲಿ ಥರ್ಮಾಕೋಲಿನ ಗೋಳಗುಮ್ಮಟ ಕಟ್ಟಿ ಬೆರಳು ಕೊಯ್ದುಕೊಂಡ ತಂದೆಯರಿದ್ದಾರೆ. ಒಂದೆರಡು ಅಂಗಡಿಗಳಲ್ಲಿ ಸಿದ್ಧ ಗುಮ್ಮಟವೇ ಸಿಗುತ್ತದೆ. ಮುಹಮ್ಮದ್ ಆದಿಲ್ ಶಾಹನಿಗೆ ಈ ಅನುಕೂಲ ಇರಲಿಲ್ಲ.

ರಜೆಯಲ್ಲಿ ಮಕ್ಕಳು ಮರೆಯುತ್ತಾರೆ ಎಂಬುದು ಸುಳ್ಳೇನಲ್ಲ. ಅಮೆರಿಕದಲ್ಲಿ ಈ ವಿಷಯದ 39 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 1996ರಲ್ಲಿ ಪರಿಶೀಲಿಸಿದವರು, ಬೇಸಿಗೆ ರಜೆಯಲ್ಲಿ ಸುಮಾರು ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಬೀಳುತ್ತದೆ, ಓದಿಗಿಂತ ಲೆಕ್ಕಕ್ಕೆ ಪೆಟ್ಟು ಹೆಚ್ಚು ಎಂದರು. ಆಮೇಲೆ ಬಂದವರು ಅಳತೆ ಅಷ್ಟು ಖಚಿತವಲ್ಲ ಎಂದು ತಕರಾರು ತೆಗೆದಿದ್ದಾರೆ. ಅದು ಅವರ ದೇಶದ, ಅವರ ಉದ್ದನೆಯ ರಜೆಯ ಮಾತು. ಆದರೂ ಲೆಕ್ಕದ ಸಂಗತಿ ನನಗೆ ನಿಜವೆನಿಸುತ್ತದೆ. ಓದು ಮಗುವನ್ನು ರಜೆಯಲ್ಲೂ ಬಿಡುವುದಿಲ್ಲ. ವಿಜಯಪುರದ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ಕುಳಿತರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಫಲಕಗಳೇ ಓದಿಸುತ್ತವೆ. ಒತ್ತಕ್ಷರದ ಪಾಠಕ್ಕೆ ಮುದ್ದೇಬಿಹಾಳ ಒಂದೇ ಸಾಕು. ಎಂಟರಲ್ಲಿ ಐದು ಕಳೆ ಎಂದು ಕೇಳುವ ಫಲಕ ಮಾತ್ರ ಎಲ್ಲೂ ಇಲ್ಲ. ಜೂನ್‌ನಲ್ಲಿ ಮರೆತದ್ದನ್ನು ಮತ್ತೆ ಹಿಡಿಯಲೆಂದೇ ಇಲಾಖೆ ಸೇತುಬಂಧ ಮಾಡಿಸುತ್ತದೆ. ನಲಿಕಲಿಯಲ್ಲಂತೂ ಏಣಿಯ ಯಾವ ಮೆಟ್ಟಿಲಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಮಗು ಹತ್ತುತ್ತದೆ. ಏಳು ವಾರಗಳ ಮರೆವಿಗೆ ಮನೆಯವರು ಇಷ್ಟು ಗಾಬರಿಯಾಗಬೇಕಿಲ್ಲ.

ಲೆಕ್ಕ ರಜೆಯಲ್ಲಿ ಎಲ್ಲಿಗೂ ಹೋಗಿರುವುದಿಲ್ಲ. ಪಾಟಿ ಬಿಟ್ಟು ಹೊರಸಿನ ಕೆಳಗೆ ಕುಳಿತಿರುತ್ತದೆ. ಮಧ್ಯಾಹ್ನದ ಉರಿಗೆ ಹೊರಗೆ ಕಾಲಿಡಲಾಗದೆ ಆಯಿ ಮತ್ತು ಮೊಮ್ಮಕ್ಕಳು ನೆಲದ ಮೇಲೆ ಐದಕ್ಕೆ ಐದು ಮನೆ ಗೀಚಿ ಚೌಕಾಬಾರ ಆಡುವುದನ್ನು ನೋಡಿ. ಕವಡೆ ಇದ್ದರೆ ಕವಡೆ, ಇಲ್ಲವೆಂದರೆ ಹುಣಸೆ ಬೀಜವನ್ನು ಎರಡು ಹೋಳು ಮಾಡಿ ಒಂದು ಬದಿ ಬಿಳಿ, ಒಂದು ಬದಿ ಕಪ್ಪು. ನಾಲ್ಕೂ ಬಿಳಿ ಬಿದ್ದರೆ ನಾಲ್ಕು, ನಾಲ್ಕೂ ಕಪ್ಪು ಬಿದ್ದರೆ ಎಂಟು. ಎಂಟು ಬಿದ್ದರೆ ಯಾವ ಕಾಯಿ ನಡೆಸಬೇಕು, ಆಯಿಯ ಕಾಯಿ ಕಡಿಯಲು ಎಷ್ಟು ಬೇಕು, ತನ್ನದು ಹಣ್ಣಾಗಲು ಇನ್ನೆಷ್ಟು ಉಳಿದಿದೆ ಎಂಬುದನ್ನೆಲ್ಲ ಬೀಜ ನೆಲಕ್ಕೆ ಬೀಳುವಷ್ಟರಲ್ಲಿ ಹುಡುಗಿ ಮುಗಿಸಿರುತ್ತಾಳೆ. ಆಯಿ ಒಂದು ಮನೆ ಹೆಚ್ಚು ನಡೆದರೆ ತಕ್ಷಣ ಹಿಡಿಯುತ್ತಾಳೆ. ಆಯಿ ಯಾವಾಗಲೂ ಒಂದು ಮನೆ ಹೆಚ್ಚೇ ನಡೆಯುತ್ತಾಳೆ. ಅದೇ ಹುಡುಗಿ ಜೂನ್‌ನಲ್ಲಿ ಹಲಗೆಯ ಮೇಲಿನ ಎಂಟರ ಮುಂದೆ ನಿಂತು ಬೆರಳು ಮಡಚುತ್ತಾಳೆ. ಇದು ಆ ಲೆಕ್ಕವೇ ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ. ಹಾಗೆ ಹೇಳುವುದಷ್ಟೇ ನನ್ನ ಕೆಲಸ. ಅದಕ್ಕಾಗಿ ಮೊದಲ ವಾರ ನಾನೂ ಕೋಣೆಯಲ್ಲಿ ಚೌಕಾಬಾರದ ಮನೆ ಗೀಚುತ್ತೇನೆ.

ಶಾವಿಗೆ, ಹಪ್ಪಳ, ಸಂಡಿಗೆಗಳ ಕಾಲವೂ ಇದೇ. ಮಾಳಿಗೆಯ ಮೇಲೆ ಒಣಹಾಕಿದ್ದನ್ನು ಕಾಯುವ ಕೆಲಸ ಮಕ್ಕಳದು. ಕಾಗೆಗಿಂತ ಕಾವಲುಗಾರರೇ ಹೆಚ್ಚು ತಿನ್ನುತ್ತಾರೆ ಎಂಬುದು ತಿಳಿದೂ ಆ ಕೆಲಸವನ್ನು ಅವರಿಗೇ ಕೊಡುವುದು ಹಿರಿಯರ ದೊಡ್ಡತನ.

ದೂರದ ನೆಂಟರು ಬಂದರೆ ಗೋಳಗುಮ್ಮಟ ತೋರಿಸಬೇಕು. 1656ರಲ್ಲಿ ಮುಗಿದ ಕಟ್ಟಡ; ನಾಲ್ಕು ಮೂಲೆಗೆ ಏಳೇಳು ಅಂತಸ್ತಿನ ಗೋಪುರ. ಮೆಟ್ಟಿಲು ಎಣಿಸುತ್ತ ಹತ್ತಿದ ಮಕ್ಕಳು ಮೇಲೆ ಬಂದಾಗ ತಲೆಗೊಂದು ಸಂಖ್ಯೆ ಹೇಳುತ್ತಾರೆ. ಇಳಿಯುವಾಗ ಎಣಿಸಿದರೆ ಇನ್ನೊಂದು. ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಂದು ಚಪ್ಪಾಳೆ ಏಳು ಸಲ ಕೇಳುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಎಣಿಸಿ ನೋಡಬೇಕೆಂದರೆ ಉಳಿದವರು ಬಾಯಿ ಮುಚ್ಚಬೇಕು. ರಜೆಯಲ್ಲಿ ಅಲ್ಲಿ ಬಾಯಿ ಮುಚ್ಚುವವರು ಯಾರು? ಪಿಸುಮಾತಿಗೆ ಹೆಸರಾದ ಜಾಗದಲ್ಲಿ ಇಷ್ಟು ಕೂಗಾಟವನ್ನು ನಾನು ಸಂತೆಯಲ್ಲೂ ಕಂಡಿಲ್ಲ. ಬೆಳಗ್ಗೆ ಬೇಗ ಹೋದವರಿಗೆ ಮಾತ್ರ ಆ ಲೆಕ್ಕ ಸಿಗುತ್ತದೆ.

ಎಲ್ಲ ಮಕ್ಕಳಿಗೂ ಇಂಥ ರಜೆ ಇರುವುದಿಲ್ಲ ಎಂಬುದನ್ನು ಮರೆತು ಬರೆಯಲಾರೆ. ನಮ್ಮ ಜಿಲ್ಲೆಯ ತಾಂಡಾಗಳಿಂದ, ಹಳ್ಳಿಗಳಿಂದ ಎಷ್ಟೋ ಕುಟುಂಬಗಳು ಗೋವಾ, ಮಂಗಳೂರು, ಪುಣೆಗಳಿಗೆ ಗುಳೆ ಹೋಗುತ್ತವೆ. ಶಾಲೆ ಇದೆ ಎಂದು ಇಷ್ಟು ದಿನ ಅಜ್ಜಿಯ ಬಳಿ ಉಳಿದಿದ್ದ ಮಗು ಏಪ್ರಿಲ್ 11ಕ್ಕೆ ಅಪ್ಪ ಅವ್ವ ಇರುವ ಕಟ್ಟಡದ ಕಡೆ ಬಸ್ ಹತ್ತುತ್ತದೆ. ಊರಲ್ಲೇ ಉಳಿದವರಿಗೂ ರಜೆಯೆಂದರೆ ಬಿಸಿಯೂಟ ನಿಂತಿತು ಎಂದೇ ಅರ್ಥ. ಬರ ಬಿದ್ದ ವರ್ಷಗಳಲ್ಲಿ ಸರಕಾರ ರಜೆಯಲ್ಲೂ ಊಟ ಕೊಟ್ಟದ್ದು ಇದಕ್ಕಾಗಿಯೇ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಅರಿವು ಕೇಂದ್ರವಾದ ಮೇಲೆ ಕೆಲವು ಕಡೆ ಬೇಸಿಗೆ ಶಿಬಿರ ನಡೆಯುತ್ತದೆ. ಅಲ್ಲಿ ಚಿತ್ರ, ಕಥೆ, ಆಟ, ಎಲ್ಲಕ್ಕಿಂತ ಹೆಚ್ಚಾಗಿ ಫ್ಯಾನ್ ಇರುತ್ತದೆ. ಓದುವ ಹವ್ಯಾಸಕ್ಕೆ ಫ್ಯಾನಿನ ಕೊಡುಗೆಯನ್ನು ಕಡಿಮೆ ಎಣಿಸಬಾರದು.

ಇದನ್ನೆಲ್ಲ ನೋಡಿ ನಾನು ಕಾಪಿಯ ಬದಲು ಅಂಚೆ ಕಾರ್ಡು ಕೊಡಲು ಶುರು ಮಾಡಿದೆ. ಒಂದಕ್ಕೆ 50 ಪೈಸೆ. ಐವತ್ತು ಪೈಸೆಗೆ ಇಂದು ಬೇರೇನು ಬರುತ್ತದೆ? ನನ್ನ ಮನೆಯ ವಿಳಾಸವನ್ನು ಮೂರನೆಯ ತರಗತಿಯವರು ತಾವೇ ಬರೆಯಬೇಕು. ಚಿಕ್ಕವರದನ್ನು ನಾನು ಬರೆದು ಪಿನ್‌ಕೋಡಿನ ಆರು ಚೌಕಗಳನ್ನು ಖಾಲಿ ಬಿಡುತ್ತೇನೆ. ಹಲಗೆ ನೋಡಿ ತುಂಬಬೇಕು. 586 ಎಂದರೆ ನಮ್ಮ ವಿಜಯಪುರ, 587 ಬಾಗಲಕೋಟೆ, 403 ಗೋವಾ ಎಂದು ಗೊತ್ತಾದ ದಿನ ನಕ್ಷೆಯ ಮುಂದೆ ನೂಕಾಟ. ರಜೆಯಲ್ಲಿ ಎಲ್ಲಿದ್ದರೂ ಅಲ್ಲಿಂದ ಕಂಡದ್ದನ್ನು ಬರೆದು ಡಬ್ಬಿಗೆ ಹಾಕಬೇಕು. ಬರೆಯಲು ಬಾರದಿದ್ದರೆ ಚಿತ್ರ. ಯಾರ ಸಹಾಯವನ್ನಾದರೂ ಪಡೆಯಬಹುದು, ಅಪ್ಪನದೂ ಸಹ.

‘ಒಂದೇ ಕಾರ್ಡೇ? ರಜೆ ಪೂರ್ತಿಗೆ?’ ಎಂದು ತಾಯಂದಿರು ಈಗಲೂ ಮೂಗು ಮುರಿಯುತ್ತಾರೆ. ಆದರೆ ಕಾರ್ಡು ಬರುತ್ತವೆ. ‘ನಮ್ಮ ಆಕಳು ಈದಿತು. ಗಿಣ್ಣ ತಿಂದೆ. ನಿಮಗೆ ಇಲ್ಲ.’ ‘ಮುತ್ಯಾನ ಹಲ್ಲು ಬಿತ್ತು, ನನ್ನದೂ ಬಿತ್ತು, ನನ್ನದು ಬರುತ್ತದೆ.’ ಗೋವಾದಿಂದ ಬಂದದ್ದು: ‘ಅಪ್ಪ ಕಟ್ಟುವ ಮನೆಗೆ ಐದು ಮಹಡಿ. ಮೇಲೆ ಹೋದರೆ ಸಮುದ್ರ ಕಾಣುತ್ತದೆ. ನನ್ನನ್ನು ಬಿಡುವುದಿಲ್ಲ. ಕೆಳಗಿನಿಂದ ಮೆಟ್ಟಿಲು ಎಣಿಸಿದೆ, 92.’ ಹೋದ ವರ್ಷ ಎರಡನೆಯ ತರಗತಿಯ ಹುಡುಗನೊಬ್ಬ ಪಿನ್‌ಕೋಡು ತುಂಬಿಸಿದ ದಿನ ಜ್ವರದಿಂದ ಮಲಗಿದ್ದ. ಅವನ ಕಾರ್ಡಿನಲ್ಲಿ ಆರು ಚೌಕಗಳಿಗೂ ಒಂದೊಂದು ಅಕ್ಷರ ಬಿದ್ದಿತ್ತು. ಶಾಲೆ ತೆರೆದ ಮೇಲೆ ಕೇಳಿದರೆ, ಮನೆಯಲ್ಲಿ ಆರು ಜನರಿದ್ದೇವೆ ಅಕ್ಕೋರೆ, ಎಲ್ಲರ ಹೆಸರಿನ ಮೊದಲ ಅಕ್ಷರ ಬರೆದಿದ್ದೇನೆ ಎಂದ. ಕಾರ್ಡು ಸರಿಯಾಗಿಯೇ ತಲುಪಿತ್ತು.