ಆಫೀಸಿಗೆ ಓಡಿಸೋಕೆ ಪೋಲೋ ಬೇಡ, ನಿಯೋಸ್ ಟರ್ಬೊ ನೋಡಿ

ಪೋಲೋ ಭಕ್ತರು ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈಯಿರಿ. ಬೆಂಗಳೂರಿನಲ್ಲಿ ದಿನಾ ಆಫೀಸಿಗೆ ಹೋಗಿಬರಲು ಒಂದು ಸೆಕೆಂಡ್ ಹ್ಯಾಂಡ್ ಕಾರು ಬೇಕು, ಓಡಿಸಲು ಮಜಾ ಇರಬೇಕು, ಸಾಲ ಮಾಡಿ ತಲೆ ಮೇಲೆ ಕೈ ಹೊತ್ತು ಕೂರುವಂತಾಗಬಾರದು ಎನ್ನುವವರಿಗೆ ನಾನು ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ಹೇಳುವುದಿಲ್ಲ. ಹ್ಯುಂಡೈ ಗ್ರ್ಯಾಂಡ್ ಐ10 ನಿಯೋಸ್ ಟರ್ಬೊ (ಗಾಳಿ ಒತ್ತಿ ತುಂಬಿ ಬಲ ಹೆಚ್ಚಿಸುವ ಎಂಜಿನ್ನಿನದು) ಹುಡುಕಿ ಎನ್ನುತ್ತೇನೆ. ಹೌದು, ಪಕ್ಕದ ಮನೆ ಅಂಕಲ್ ಭಾನುವಾರ ತರಕಾರಿ ತರಲು ತೆಗೆಯುತ್ತಾರಲ್ಲ, ನೋಡಲು ಹೆಚ್ಚುಕಮ್ಮಿ ಅದೇ ಕಾರು.

ಈ ಮಾತು ಬಂದಿದ್ದು ನನ್ನ ಚಿಕ್ಕಪ್ಪನ ಮಗನಿಂದ. ಮನೆ ಬನಶಂಕರಿ, ಆಫೀಸು ಮಾರತಹಳ್ಳಿ. "ಅಣ್ಣಾ, ಆರು ಲಕ್ಷದೊಳಗೆ ಒಂದು ಹಾಟ್ ಹ್ಯಾಚ್ ಹೇಳು" ಎಂದು ವಾಟ್ಸಾಪಿನಲ್ಲಿ ಪಟ್ಟಿ ಕಳಿಸಿದ. ಹಾಟ್ ಹ್ಯಾಚ್ ಎಂದರೆ ಗಟ್ಟಿ ಎಂಜಿನ್ ಇರುವ, ಓಡಿಸಲು ಮಜಾ ಕೊಡುವ ಸಣ್ಣ ಕಾರು. ಸೊನ್ನೆಯಿಂದ ನೂರು ಕಿ.ಮೀ. ವೇಗಕ್ಕೆ ಯಾವುದು ಬೇಗ ಹೋಗುತ್ತದೆ ಎಂಬ ಲೆಕ್ಕದಲ್ಲಿ ಜೋಡಿಸಿದ ಪಟ್ಟಿ. ಮೇಲೆ ಫಿಯಟ್‌ನ ಅಬಾರ್ತ್ ಪುಂಟೊ, ಕೆಳಗೆ ಪೋಲೋ, ಫೋರ್ಡ್ ಫಿಗೊ ಡೀಸೆಲ್, ಮಾರುತಿ ಬಲೆನೊ ಆರ್‌ಎಸ್. ನಾನು ಕೇಳಿದ್ದು ಒಂದೇ: ಬನಶಂಕರಿಯಿಂದ ಮಾರತಹಳ್ಳಿವರೆಗೆ ಸೊನ್ನೆಯಿಂದ ನೂರು ಎಲ್ಲಿ ಮಾಡುತ್ತೀಯಪ್ಪಾ? ಸಿಲ್ಕ್ ಬೋರ್ಡ್‌ನಲ್ಲಾ?

ನಮ್ಮ ರಸ್ತೆಯಲ್ಲಿ ಮಜಾ ಸಿಗುವುದು ಇಪ್ಪತ್ತರಿಂದ ಅರವತ್ತರ ನಡುವೆ. ಸಿಗ್ನಲ್ ಬಿಟ್ಟ ಮೇಲೆ ಸಿಗುವ ಖಾಲಿ ಜಾಗ, ಫ್ಲೈಓವರ್ ಏರುವ ಮುಂಚಿನ ತಿರುವು, ಬಿಎಂಟಿಸಿ ಬಸ್ಸು ನಿಂತಾಗ ಪಕ್ಕದಿಂದ ನುಸುಳಿ ಮುಂದೆ ಹೋಗುವ ಎರಡು ಕ್ಷಣ. ಅಷ್ಟೇ ನಮಗೆ ದಕ್ಕುವುದು. ಆ ಹೊತ್ತಿಗೆ ಕಾರು ಎರಡನೇ ಗೇರಿನಲ್ಲಿರುತ್ತದೆ, ಎಂಜಿನ್ ಸಾವಿರದ ಐನೂರು, ಎರಡು ಸಾವಿರ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ಸುತ್ತುವ ಲೆಕ್ಕ) ಇರುತ್ತದೆ. ಅಲ್ಲಿ ಕಾಲಿಟ್ಟ ತಕ್ಷಣ ಎಳೆಯಬೇಕು. ಗರಿಷ್ಠ ಪವರ್ ಎಷ್ಟು ಎನ್ನುವುದು ಆಗ ಲೆಕ್ಕಕ್ಕೇ ಬರುವುದಿಲ್ಲ.

ಸ್ವಿಫ್ಟ್ ಪ್ರಿಯರು ಇಲ್ಲಿ ಕೈ ಎತ್ತುತ್ತಾರೆ. 2018ರ ಸ್ವಿಫ್ಟ್ ಪೆಟ್ರೋಲ್ ಒಳ್ಳೆಯ ಕಾರೇ, ಹಗುರ, ಚುರುಕು. ಆದರೆ ಅದರ 113 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ, ಪೂರ್ತಿ ಸಿಗುವುದು 4200 ಆರ್‌ಪಿಎಂಗೆ. ಟ್ರಾಫಿಕ್ಕಿನಲ್ಲಿ ಅಲ್ಲಿವರೆಗೆ ಎಂಜಿನ್ ಕೂಗಿಸುವಷ್ಟರಲ್ಲಿ ಮುಂದಿನವನ ಬ್ರೇಕ್ ಲೈಟ್ ಹತ್ತಿರುತ್ತದೆ. ನಿಯೋಸ್ ಟರ್ಬೊದಲ್ಲಿ 172 ಎನ್‌ಎಂ, ಅದೂ 1500 ಆರ್‌ಪಿಎಂನಿಂದಲೇ. ಪವರ್ ಬರೀ 100 ಪಿಎಸ್ (ಹಾರ್ಸ್‌ಪವರಿನಂಥ ಅಳತೆ), ಕಾಗದದ ಮೇಲೆ ಏನೂ ಅನಿಸುವುದಿಲ್ಲ. ಆದರೆ ಗಾಡಿ ಸಣ್ಣದು, ಉದ್ದ 3805 ಮಿಲಿಮೀಟರ್. ಹೀಗಾಗಿ ಅದು ಎಳೆಯುವ ರೀತಿ ಬೇರೆ.

ನೂರು ಪಿಎಸ್ ಎಂದರೆ ಮೂಗು ಮುರಿಯುವವರಿಗೆ ಒಂದು ವಿಷಯ. ಹಾಟ್ ಹ್ಯಾಚ್ ಎಂಬ ಜಾತಿಯನ್ನೇ ಜನಪ್ರಿಯ ಮಾಡಿದ ಮೊದಲ ಗಾಲ್ಫ್ ಜಿಟಿಐ 1976ರಲ್ಲಿ ಮಾರಾಟಕ್ಕೆ ಬಂದಾಗ ಅದಕ್ಕಿದ್ದದ್ದು 110 ಪಿಎಸ್. ಮನೆಮಂದಿ ಓಡಿಸುವ ಸಾದಾ ಕಾರಿಗೆ ಸ್ವಲ್ಪ ಗಟ್ಟಿ ಎಂಜಿನ್ ಹಾಕುವುದು, ಬೆಲೆ ಕೈಗೆಟುಕುವಂತೆ ಇಡುವುದು, ಇಷ್ಟೇ ಅದರ ಗುಟ್ಟು. ಯುರೋಪಿನಲ್ಲಿ ಈಗ ಅದೇ ಹೆಸರಿನ ಕಾರುಗಳು ಮುನ್ನೂರು ಪಿಎಸ್ ಹತ್ತಿರ ಹೋಗಿವೆ. ನಮ್ಮಲ್ಲಿ ಹೋಗಲಿಲ್ಲ, ಅದಕ್ಕೆ ಕಾರಣ ತೆರಿಗೆ. 2006ರ ಬಜೆಟ್‌ನಲ್ಲಿ ನಾಲ್ಕು ಮೀಟರಿಗಿಂತ ಚಿಕ್ಕ, 1200 ಸಿಸಿ ಒಳಗಿನ ಪೆಟ್ರೋಲ್ ಕಾರುಗಳಿಗೆ ಎಕ್ಸೈಸ್ ಸುಂಕವನ್ನು 24ರಿಂದ 16 ಪರ್ಸೆಂಟಿಗೆ ಇಳಿಸಿದರು. ಅಂದಿನಿಂದ ಇಲ್ಲಿ ಮಜಾ ಕೊಡುವ ಕಾರು ಮಾಡಬೇಕೆಂದರೆ ಸಣ್ಣ ಎಂಜಿನ್ನಿಗೆ ಟರ್ಬೊ ಸಿಕ್ಕಿಸುವುದೇ ದಾರಿ. ಪೋಲೋದ 1197 ಸಿಸಿ, ಬಲೆನೊ ಆರ್‌ಎಸ್‌ನ 998 ಸಿಸಿ, ಎಲ್ಲ ಅದೇ ಲೆಕ್ಕಾಚಾರ. ಲೆಕ್ಕ ಮೀರಿದ ಅಬಾರ್ತ್ ಪುಂಟೊ 1368 ಸಿಸಿ, 145 ಪಿಎಸ್. 2015ರಲ್ಲೇ ಹತ್ತಿರ ಹತ್ತಿರ ಹತ್ತು ಲಕ್ಷ ಎಕ್ಸ್ ಶೋರೂಮ್. ಎಷ್ಟು ಜನ ತಗೊಂಡರು ಎಂದು ರಸ್ತೆಯಲ್ಲಿ ನೋಡಿದರೇ ಗೊತ್ತಾಗುತ್ತದೆ.

ಈಗ ಪೋಲೋ ವಿಚಾರಕ್ಕೆ ಬರೋಣ. ಜಿಟಿ ಟಿಎಸ್‌ಐ 2013ರಲ್ಲಿ ಬಂತು. 1.2 ಲೀಟರ್, ನಾಲ್ಕು ಸಿಲಿಂಡರ್, 105 ಪಿಎಸ್, 175 ಎನ್‌ಎಂ. ಎಂಜಿನ್ ಬಗ್ಗೆ ನನ್ನ ತಕರಾರು ಏನೂ ಇಲ್ಲ, ಬೆಣ್ಣೆ. ಹೆದ್ದಾರಿಯಲ್ಲಿ ಆ ಕಾರು ನೆಲಕ್ಕೆ ಅಂಟಿಕೊಂಡು ಹೋಗುವುದನ್ನು ನಿಯೋಸ್ ಕನಸಿನಲ್ಲೂ ಮಾಡಲಾರದು. ತಕರಾರು ಇರುವುದು ಅದರ ಏಳು ಗೇರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಡಿಎಸ್‌ಜಿ ಬಗ್ಗೆ. ಅದರೊಳಗೆ ಎರಡು ಕ್ಲಚ್ಚುಗಳಿವೆ, ಎರಡೂ ಡ್ರೈ. ಕಾರು ಇಂಚಿಂಚೇ ಮುಂದೆ ಸರಿಯುವಾಗ ಕ್ಲಚ್ ಪೂರ್ತಿ ಹಿಡಿಯುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ, ಉಜ್ಜುತ್ತಲೇ ಇರುತ್ತದೆ. ಕಾವು ಹೊತ್ತೊಯ್ಯಲು ಅಲ್ಲಿ ಎಣ್ಣೆ ಇಲ್ಲ. ಎಣ್ಣೆ ಸವರದ ಕಾವಲಿಯನ್ನು ಉರಿಯ ಮೇಲೆ ಬಿಟ್ಟ ಹಾಗೆ. ಔಟರ್ ರಿಂಗ್ ರೋಡಿನ ಸಂಜೆಯ ಟ್ರಾಫಿಕ್ ಎಂದರೆ ಆ ಗೇರ್‌ಬಾಕ್ಸಿಗೆ ದಿನಾ ಪರೀಕ್ಷೆ. ಇದು ಬರೀ ನಮ್ಮೂರಿನ ಗೊಣಗಾಟ ಎಂದುಕೊಳ್ಳಬೇಡಿ. 2013ರ ಮಾರ್ಚ್‌ನಲ್ಲಿ ಚೀನಾದಲ್ಲಿ ಡಿಎಸ್‌ಜಿ ತೊಂದರೆಗೆ ಫೋಕ್ಸ್‌ವ್ಯಾಗನ್ 3.84 ಲಕ್ಷ ಕಾರುಗಳನ್ನು ವಾಪಸ್ ಕರೆಯಬೇಕಾಯಿತು. ವಾರಂಟಿ ಮುಗಿದ ಕಾರಿನಲ್ಲಿ ಕ್ಲಚ್ ಪ್ಯಾಕೋ ಗೇರ್ ಬದಲಾವಣೆ ನಿಯಂತ್ರಿಸುವ ಮೆಕಟ್ರಾನಿಕ್ ಯೂನಿಟ್ಟೋ ಕೈಕೊಟ್ಟರೆ ಬರುವ ಬಿಲ್ಲು ಕಂಡಾಗ, ಅಗ್ಗಕ್ಕೆ ಸಿಕ್ಕಿತಲ್ಲಾ ಎಂಬ ಖುಷಿ ಅಲ್ಲಿಗೇ ಮುಗಿಯುತ್ತದೆ.

ಪೋಲೋನೇ ಬೇಕು ಎನ್ನುವ ಹಟ ಇದ್ದರೆ 2020ರ ನಂತರದ 1.0 ಟಿಎಸ್‌ಐ ನೋಡಿ. 110 ಪಿಎಸ್, ಆರು ಗೇರಿನ ಮ್ಯಾನುಯಲ್. ಆಟೋಮ್ಯಾಟಿಕ್ ಬೇಕಿದ್ದರೂ ಅದರಲ್ಲಿರುವುದು ಎಣ್ಣೆಯ ಮೂಲಕ ಬಲ ಸಾಗಿಸುವ ಟಾರ್ಕ್ ಕನ್ವರ್ಟರ್, ಡಿಎಸ್‌ಜಿ ಅಲ್ಲ. ಅದೇ ಎಂಜಿನ್ ಕುಟುಂಬ ಟೈಗುನ್, ವರ್ಟಸ್, ಸ್ಲಾವಿಯಾಗಳಲ್ಲಿ ಇನ್ನೂ ಓಡುತ್ತಿದೆ, ಬಿಡಿಭಾಗಕ್ಕೆ ಪರದಾಡಬೇಕಿಲ್ಲ. ಆದರೆ 2022ರಲ್ಲಿ ಪೋಲೋ ನಿಂತ ಮೇಲೆ ಮಾರುವವರು ಅದಕ್ಕೆ ಕೇಳುವ ರೇಟು ನೋಡಿದರೆ ಕಾರಿನ ಜೊತೆ ನೆನಪನ್ನೂ ತೂಕ ಹಾಕಿ ಮಾರುತ್ತಿದ್ದಾರೆ ಅನಿಸುತ್ತದೆ. ಆ ದುಡ್ಡಿಗೆ ಮಜಾ ಇದೆ, ಅಗ್ಗ ಇಲ್ಲ.

ಡೀಸೆಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಫಿಗೊ 1.5 ಡೀಸೆಲ್, 215 ಎನ್‌ಎಂ, ಸ್ಟೇರಿಂಗ್ ಅಂತೂ ಈ ಪಟ್ಟಿಯಲ್ಲೇ ಚೆಂದ. ದಿನಾ ಬಿಡದಿ, ರಾಮನಗರ ಕಡೆ ಓಡಾಟ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಬಹುದು. ಆದರೆ 2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಇಲ್ಲಿನ ಉತ್ಪಾದನೆ ನಿಲ್ಲಿಸುವುದಾಗಿ ಹೇಳಿತು ಎನ್ನುವುದು ನೆನಪಿರಲಿ. ಪುಂಟೊದ ಕಥೆಯೂ ಹಾಗೇ, ಫಿಯಟ್ ಇಲ್ಲಿ ಅಂಗಡಿ ಮುಚ್ಚಿ ವರ್ಷಗಳಾದವು. ಅಬಾರ್ತ್ ಇಟ್ಟುಕೊಳ್ಳುವವರಿಗೆ ಮನೆಯಲ್ಲಿ ಇನ್ನೊಂದು ಕಾರು ಇರಬೇಕು, ಗ್ಯಾರೇಜಿನ ಯಜಮಾನರ ಜೊತೆ ನೆಂಟಸ್ತನ ಇರಬೇಕು. ಅದು ಪ್ರೀತಿಗೆ ಸಾಕುವ ಗಾಡಿ, ಸೋಮವಾರ ಬೆಳಗ್ಗೆ ಒಂಬತ್ತು ಗಂಟೆಯ ಮೀಟಿಂಗಿಗೆ ನಂಬುವ ಗಾಡಿ ಅಲ್ಲ.

ಬಲೆನೊ ಆರ್‌ಎಸ್ ಬಗ್ಗೆ ನನಗೆ ನಿಜಕ್ಕೂ ಗೌರವ ಇದೆ. 2017ರಲ್ಲಿ ಬಂತು, ಬಿಎಸ್6 ಹೊಗೆ ನಿಯಮ ಬರುವ ಹೊತ್ತಿಗೆ ಹೋಯಿತು. 102 ಪಿಎಸ್, 150 ಎನ್‌ಎಂ, ಹಿಂದಿನ ಚಕ್ರಕ್ಕೂ ಡಿಸ್ಕ್ ಬ್ರೇಕ್, ಒಳಗೆ ಬೇಕಾದಷ್ಟು ಜಾಗ. ಆಗ ಯಾರೂ ಕ್ಯಾರೇ ಅನ್ನಲಿಲ್ಲ, ಆಮೇಲೆ ಅದೇ ಬೂಸ್ಟರ್‌ಜೆಟ್ ಹೆಸರಿನ ಒಂದು ಲೀಟರ್ ಟರ್ಬೊ 2023ರಲ್ಲಿ ಫ್ರಾಂಕ್ಸ್ ಜೊತೆ ವಾಪಸ್ ಬಂತು. ಒಳ್ಳೆಯ ಆರ್‌ಎಸ್ ಸಿಕ್ಕರೆ ನಾನೇ ನಿಯೋಸ್ ಬಿಟ್ಟು ಅದನ್ನು ತಗೊಳ್ಳಿ ಎನ್ನಬಹುದು. ಒಂದು ಮಾತ್ರ ತಪ್ಪದೆ ಕೇಳಿ. ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪಿನ ದೋಷಕ್ಕಾಗಿ 2023ರಲ್ಲಿ ಮಾರುತಿ 7213 ಆರ್‌ಎಸ್‌ಗಳನ್ನು ವಾಪಸ್ ಕರೆದಿತ್ತು. 2016ರ ಅಕ್ಟೋಬರ್ ಕೊನೆಯಿಂದ 2019ರ ನವೆಂಬರ್ ಮೊದಲ ದಿನದವರೆಗೆ ತಯಾರಾದವು. ಆ ಕೆಲಸ ಆಗಿದೆಯಾ ಎಂದು ಚಾಸಿ ನಂಬರ್ ಕೊಟ್ಟು ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿ. ಮಾರುವವರ "ಎಲ್ಲಾ ಆಗಿದೆ ಸಾರ್" ಸಾಲದು.

ಹಾಗಾದರೆ ನಿಯೋಸ್ ಯಾಕೆ? ಮೊದಲನೆಯದು ಅದರ ಎಂಜಿನ್. ಅದೇ 998 ಸಿಸಿ ಟರ್ಬೊ ವೆನ್ಯೂ ಮತ್ತು ಐ20ಯಲ್ಲಿ 120 ಪಿಎಸ್ ಕೊಡುತ್ತದೆ, ಇಲ್ಲಿ 100ಕ್ಕೆ ಇಳಿಸಿಟ್ಟಿದ್ದಾರೆ. ಊರು ತುಂಬಾ ವೆನ್ಯೂಗಳಿವೆ, ಯಾವ ಮೆಕ್ಯಾನಿಕ್ಕಿಗೂ ಅದು ಹೊಸದಲ್ಲ. ಗೇರ್‌ಬಾಕ್ಸು ಸಾದಾ ಐದು ಗೇರಿನ ಮ್ಯಾನುಯಲ್, ಕ್ಲಚ್ ಹಗುರ. ದಿನಾ ಕ್ಲಚ್ ತುಳಿದು ಎಡಗಾಲು ನೋಯುತ್ತದೆ ಎನ್ನುವವರ ಕಷ್ಟ ಗೊತ್ತು. ಆದರೆ ಕೆಳಗಿನಿಂದಲೇ ಎಳೆಯುವ ಎಂಜಿನ್ ಇದ್ದರೆ ಎರಡನೇ ಗೇರಿನಲ್ಲೇ ಅರ್ಧ ದಾರಿ ಮುಗಿಯುತ್ತದೆ. ಇನ್ನೊಂದು ಸಣ್ಣ ಲಾಭ, ಯಾರೂ ಹೇಳದ್ದು: 1000 ಸಿಸಿ ಒಳಗಿರುವುದರಿಂದ ಥರ್ಡ್ ಪಾರ್ಟಿ ವಿಮೆ ಕೆಳಗಿನ ಸ್ಲ್ಯಾಬಿನದು. 2022ರಲ್ಲಿ ನಿಗದಿಯಾದ ದರದಲ್ಲಿ 2094 ರೂಪಾಯಿ, ಅದರ ಮೇಲಿನ ಸ್ಲ್ಯಾಬಿಗೆ 3416.

ಹುಡುಕುವುದು ಸುಲಭವಲ್ಲ, ಅದನ್ನೂ ಹೇಳಿಬಿಡುತ್ತೇನೆ. 2020ರಲ್ಲಿ ಬಂದ ಟರ್ಬೊ 2023ರ ಹೊಸ ರೂಪದ ನಿಯೋಸ್‌ನಲ್ಲಿ ಇರಲಿಲ್ಲ. ಸಿಗುವುದು ಕಮ್ಮಿ, ಆದರೆ ಅದಕ್ಕೆ ಬಾಯಿ ಬಿಡುವವರೂ ಕಮ್ಮಿ. ಹಾಗಾಗಿ ಚೌಕಾಸಿಗೆ ಜಾಗ ಇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದು ಹೊಸ ಕಾರಿನ ಬೆಲೆಯೇ ಕೆಳಗೆ ಬಂದಿದೆ. ಹಳೇ ರೇಟು ಹಿಡಿದು ಕೂತವರಿಗೆ ಇದನ್ನು ನಯವಾಗಿ ನೆನಪಿಸಿ.

ನಿಯೋಸ್‌ನ ದೊಡ್ಡ ಕೊರತೆ ಸುರಕ್ಷತೆ. 2020ರ ಗ್ಲೋಬಲ್ ಎನ್‌ಕ್ಯಾಪ್ ಕ್ರ್ಯಾಶ್ ಪರೀಕ್ಷೆಯಲ್ಲಿ ನಿಯೋಸ್‌ಗೆ ಸಿಕ್ಕಿದ್ದು ಐದರಲ್ಲಿ ಎರಡು ಸ್ಟಾರ್. 2014ರಲ್ಲೇ ಏರ್‌ಬ್ಯಾಗ್ ಇದ್ದ ಪೋಲೋಗೆ ನಾಲ್ಕು ಸಿಕ್ಕಿತ್ತು. ಸ್ಟೇರಿಂಗ್ ತೀರಾ ಹಗುರ, ನೂರು ದಾಟಿದ ಮೇಲೆ ಕಾರು ತೇಲುತ್ತದೆ. ಆದ್ದರಿಂದ ಪ್ರತಿ ವಾರ ಶಿರಾಡಿ ಘಾಟಿ ಇಳಿದು ಊರಿಗೆ ಹೋಗುವವರು, ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ನನ್ನ ಮಾತು ಕೇಳಬೇಡಿ, ಟಾಟಾ ಆಲ್ಟ್ರೋಜ್ ಐಟರ್ಬೊ ನೋಡಿ. 110 ಪಿಎಸ್, ಮ್ಯಾನುಯಲ್, ಆಲ್ಟ್ರೋಜ್‌ಗೆ ಐದು ಸ್ಟಾರ್. ಎಂಜಿನ್ ಸ್ವಲ್ಪ ಒರಟು. ಬಾಗಿಲು ತೊಂಬತ್ತು ಡಿಗ್ರಿ ತೆರೆಯುತ್ತದೆ ಎಂದು ಹೆಮ್ಮೆಯಿಂದ ಹೇಳುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಮೂವತ್ತು ಡಿಗ್ರಿ ತೆರೆದರೆ ಅದೇ ಪುಣ್ಯ. ನನ್ನ ಕಸಿನ್ ಒಬ್ಬನೇ ಹೋಗುವವನು, ವಾರಪೂರ್ತಿ ಊರೊಳಗೆ, ಐವತ್ತರ ಮೇಲೆ ಮುಳ್ಳು ಹೋಗುವುದು ಅಪರೂಪ. ಅದಕ್ಕೇ ಅವನಿಗೆ ನಿಯೋಸ್.

ಯಾವ ಮಾಡೆಲ್ ಎನ್ನುವುದಕ್ಕಿಂತ ಯಾರು ಓಡಿಸಿದ ಕಾರು ಎನ್ನುವುದು ಟರ್ಬೊ ಗಾಡಿಯಲ್ಲಿ ಮುಖ್ಯ. ಬೆಳಗ್ಗೆ ಹೋಗಿ, "ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಎಂದು ಮೊದಲೇ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಏನನ್ನೋ ಮುಚ್ಚಿಡುತ್ತಿರಬಹುದು. ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ, ಹಿಂದೆ ನಿಂತು ನೀಲಿ ಹೊಗೆ ಬರುತ್ತದಾ ನೋಡಿ. ಆಯಿಲ್ ಯಾವಾಗ ಬದಲಾಯಿಸಿದ್ದಾರೆ, ಯಾವ ಗ್ರೇಡ್ ಹಾಕಿದ್ದಾರೆ ಎನ್ನುವ ಬಿಲ್ಲು ಕೇಳಿ. ಟರ್ಬೊ ಬದುಕುವುದೇ ಒಳ್ಳೆಯ ಆಯಿಲ್ ಮೇಲೆ. ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿನಲ್ಲಿ ಪೆಟ್ರೋಲು ನೇರ ಸಿಲಿಂಡರಿಗೇ ಬೀಳುವುದರಿಂದ ಇನ್‌ಟೇಕ್ ವಾಲ್ವ್ ತೊಳೆದುಕೊಳ್ಳುವುದಿಲ್ಲ, ಅಲ್ಲಿ ಮಸಿ ಕೂರುತ್ತದೆ. ನಿಂತಲ್ಲೇ ಎಂಜಿನ್ ಓಡುವಾಗ ಕಾರು ನಡುಗುತ್ತಿದ್ದರೆ ಅನುಮಾನ ಪಡಿ.

ಆಮೇಲೆ ರೀಮ್ಯಾಪ್, ಅಂದರೆ ಪವರ್ ಹೆಚ್ಚಿಸಲು ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸುವುದು. ಈ ಎಂಜಿನ್ 120 ಪಿಎಸ್ ಕೊಡಬಲ್ಲದು ಎಂದು ಗೊತ್ತಿರುವ ಹುಡುಗರು ಸುಮ್ನೆ ಬಿಡುತ್ತಾರಾ? ಸ್ಟೇಜ್ ಒನ್ ಎಂಬ ಮೊದಲ ಹಂತದ ರೀಮ್ಯಾಪ್ ಹಾಕಿಸಿ ಎರಡು ವರ್ಷ ಉಜ್ಜಿ, ಮಾರುವ ಮುಂಚೆ ಹಳೇ ಸಾಫ್ಟ್‌ವೇರ್ ತುಂಬಿಸಿಬಿಡುತ್ತಾರೆ. ಕಂಪ್ಯೂಟರಿನಲ್ಲಿ ಕುರುಹು ಸಿಗದಿರಬಹುದು, ಕ್ಲಚ್ಚಿನಲ್ಲಿ ಸಿಗುತ್ತದೆ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರ್ ಹಾಕಿ, ಐವತ್ತರಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಜಿಗಿದು ವೇಗ ಹಿಂದೆ ಉಳಿದರೆ ಕ್ಲಚ್ ಜಾರುತ್ತಿದೆ. ಹೊಸ ಕ್ಲಚ್ಚಿನ ದುಡ್ಡು ಕಳೆದು ರೇಟು ಹೇಳಿ, ಇಲ್ಲವೇ ನಮಸ್ಕಾರ ಹೇಳಿ ಬನ್ನಿ.

ಬೇರೆ ರಾಜ್ಯದ ನಂಬರಿನ ಕಾರು ಅಗ್ಗಕ್ಕೆ ಸಿಕ್ಕರೆ ಹಿಗ್ಗಬೇಡಿ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಬೇಕು. ಕರ್ನಾಟಕದ ಲೈಫ್ ಟ್ಯಾಕ್ಸ್ ದೇಶದಲ್ಲೇ ಜಾಸ್ತಿ ಇರುವವುಗಳಲ್ಲೊಂದು, ಉಳಿಸಿದ್ದೆಲ್ಲ ಅಲ್ಲಿಗೇ ಹೋಗುತ್ತದೆ. ಕೆಎ ನಂಬರಿನದೇ ನೋಡಿ. ಮಾಲೀಕತ್ವ ವರ್ಗಾಯಿಸುವ ಫಾರಂ 29, 30ಕ್ಕೆ ಎದುರಿಗೇ ಸಹಿ ಹಾಕಿಸಿ. ಸಾಲದಲ್ಲಿ ತಗೊಂಡ ಕಾರಾದರೆ ಬ್ಯಾಂಕಿನ ಎನ್‌ಒಸಿ ಮತ್ತು ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಟ್ರಾಫಿಕ್ ಪೊಲೀಸರ ಸೈಟಿನಲ್ಲಿ ಬಾಕಿ ದಂಡ ಎಷ್ಟಿದೆ ನೋಡಿ. ಮಜಾ ಗಾಡಿಗಳಿಗೆ ಅದು ಉದ್ದ ಇರುತ್ತದೆ, ಹಳೇ ಓನರಿನ ಕಾಲು ಎಷ್ಟು ಭಾರ ಎಂದೂ ಅದರಲ್ಲೇ ತಿಳಿಯುತ್ತದೆ.

ವಿಮೆಯನ್ನು ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಳೇ ಓನರಿನ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಅವರ ಜೊತೆಗೇ ಹೋಗುತ್ತದೆ, ಕಾರಿನ ಜೊತೆ ಬರುವುದಿಲ್ಲ. ಆ ವ್ಯತ್ಯಾಸದ ದುಡ್ಡನ್ನೂ ಬಜೆಟ್ಟಿನಲ್ಲಿ ಇಟ್ಟುಕೊಂಡೇ ರೇಟು ಮಾತಾಡಿ.