ಆ ಮದುವೆ ಗೌನ್ ಹೊಲಿದವರು ಯಾರು?

ಜಾನ್ ಎಫ್. ಕೆನಡಿ ಮದುವೆಯ ಫೋಟೋ ನಿಮ್ಮಲ್ಲಿ ಸುಮಾರು ಜನ ನೋಡಿರುತ್ತೀರಿ. 1953ರ ಸೆಪ್ಟೆಂಬರ್ 12, ಅಮೆರಿಕದ ನ್ಯೂಪೋರ್ಟ್. ಎಲ್ಲರೂ ಮದುಮಗಳು ಜಾಕ್ವೆಲಿನ್ ಮುಖ ನೋಡುತ್ತಾರೆ. ನಾನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿದ್ದು ಎದೆಯ ಮೇಲಿನ ಟಕ್ಸ್. ಸಣ್ಣ ಸಣ್ಣ ನೆರಿಗೆ, ಒಂದರ ಪಕ್ಕ ಒಂದು, ಎಲ್ಲೂ ಎಳೆದಿಲ್ಲ, ಎಲ್ಲೂ ಉಬ್ಬಿಲ್ಲ. ಟಫೆಟಾ ಅನ್ನುವ ಗರಿಗರಿ ರೇಷ್ಮೆಯಲ್ಲಿ ಹಾಗೆ ಕೂರಿಸುವುದು ಎಷ್ಟು ಕಷ್ಟ ಅಂತ ಹೊಲಿಯುವವರಿಗೆ ಗೊತ್ತು. ಒಂದು ಸಲ ಸೂಜಿ ತಪ್ಪಿದರೆ ಆ ತೂತು ಹಾಗೇ ಉಳಿಯುತ್ತದೆ. ಆ ಗೌನಿಗೆ ಹಿಡಿದ ಬಟ್ಟೆ 50 ಗಜ.

ಹಾಸನದಲ್ಲಿ ನಾನು ಬ್ಲೌಸ್ ಅಂಗಡಿ ಇಟ್ಟು 16 ವರ್ಷ ಆಯಿತು. ಅದಕ್ಕೂ ಮೊದಲು ಸಕಲೇಶಪುರದಲ್ಲಿ ಅಮ್ಮನ ಮೆಷಿನ್ ಪಕ್ಕ ಕೂತು ಹುಕ್ಸ್ ಹಾಕುತ್ತಿದ್ದೆ. ಹಾಗಾಗಿ ಆ ಗೌನ್ ಹೊಲಿದ ಕೈ ಯಾರದ್ದು ಅಂತ ತಿಳಿಯುವವರೆಗೂ ನನಗೆ ಸಮಾಧಾನ ಇರಲಿಲ್ಲ.

ಅವರ ಹೆಸರು ಆನ್ ಲೋ. 1898ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಕ್ಲೇಟನ್ ಅನ್ನುವ ಊರಲ್ಲಿ ಹುಟ್ಟಿದ ಕಪ್ಪು ಜನಾಂಗದ ಹೆಣ್ಣುಮಗಳು. ಅಜ್ಜಿ ಗುಲಾಮರಾಗಿದ್ದವರು. ಅಜ್ಜಿಯದ್ದೂ ಹೊಲಿಗೆ, ಅಮ್ಮನದ್ದೂ ಹೊಲಿಗೆ. 1914ರಲ್ಲಿ ಅಮ್ಮ ತೀರಿಕೊಂಡಾಗ ರಾಜ್ಯದ ಗವರ್ನರ್ ಹೆಂಡತಿಗೆ ಕೊಡಬೇಕಿದ್ದ ನಾಲ್ಕು ಗೌನ್ ಅರ್ಧಕ್ಕೇ ನಿಂತಿದ್ದವು. ಹದಿನಾರು ತುಂಬಿರದ ಹುಡುಗಿ ಕೂತು ಮುಗಿಸಿದಳು. ಆಮೇಲೆ ನ್ಯೂಯಾರ್ಕಿನ ಹೊಲಿಗೆ ಶಾಲೆ ಸೇರಿದರು. ಉಳಿದವರ ಜೊತೆ ಕೂರಿಸದೆ ಬೇರೆ ಕೋಣೆಯಲ್ಲಿ ಒಬ್ಬರನ್ನೇ ಕೂರಿಸಿದರು. ಆದರೂ ಕಲಿತು ಹೊರಬಂದರು. ಮುಂದೆ ರಾಕ್‌ಫೆಲರ್, ಡು ಪಾಂಟ್ ಅಂಥ ಶ್ರೀಮಂತ ಮನೆತನಗಳಿಗೆ ಗೌನ್ ಹೊಲಿದರು. 1947ರಲ್ಲಿ ಸಿನಿಮಾ ನಟಿ ಒಲಿವಿಯಾ ಡಿ ಹ್ಯಾವಿಲ್ಯಾಂಡ್ ಆಸ್ಕರ್ ತೆಗೆದುಕೊಂಡಾಗ ಉಟ್ಟ ಗೌನ್ ಇವರದ್ದೇ. ಅದರ ಒಳಗಿದ್ದ ಲೇಬಲ್ ಮಾತ್ರ ಬೇರೆಯವರ ಹೆಸರಿನದ್ದು.

ಕೆನಡಿ ಮದುವೆಗೆ ಹತ್ತು ದಿನ ಇತ್ತು. ಆನ್ ಲೋ ಅಂಗಡಿಯಲ್ಲಿ ನೀರಿನ ಪೈಪ್ ಒಡೆಯಿತು. ಮದುಮಗಳ ಗೌನ್ ಹಾಳು, ಜೊತೆಯ ಹುಡುಗಿಯರ ಗೌನುಗಳೂ ಹೆಚ್ಚಿನವು ಹಾಳು. ಎರಡು ತಿಂಗಳ ಕೆಲಸ! ಮತ್ತೆ ಬಟ್ಟೆ ತರಿಸಿದರು, ಹಗಲು ರಾತ್ರಿ ಕೂತರು, ಹತ್ತೇ ದಿನಕ್ಕೆ ಎಲ್ಲ ಮುಗಿಸಿದರು. ಕೈಯಿಂದ 2,200 ಡಾಲರ್ ಹೋಯಿತು. ಮದುವೆ ಮನೆಯವರಿಗೆ ಒಂದು ಮಾತು ಹೇಳಲಿಲ್ಲ.

ಇದನ್ನು ಓದಿದಾಗ ನನಗೆ ಅಮ್ಮ ನೆನಪಾದರು. ನಾನಾಗ ಏಳನೇ ಕ್ಲಾಸು. ಏಪ್ರಿಲ್ ಮಳೆ ಜೋರಾಗಿ ಹೊಡೆದು ರಾತ್ರಿ ಹಂಚು ಸೋರಿತ್ತು. ಬೆಳಗ್ಗೆ ನೋಡಿದರೆ ಮಾರನೇ ದಿನದ ಧಾರೆಗೆ ಕೊಡಬೇಕಿದ್ದ ಬ್ಲೌಸಿನ ಬಲತೋಳು ಒದ್ದೆ. ಕೆಂಪು ಲೈನಿಂಗಿನ ಬಣ್ಣ ಮೇಲಿನ ಕೆನೆ ರೇಷ್ಮೆಗೆ ಬಿಟ್ಟಿತ್ತು. ಅಮ್ಮ ಬೈಯಲಿಲ್ಲ, ಅಳಲಿಲ್ಲ. ಚೂರು ಬಟ್ಟೆಯ ಗಂಟು ಬಿಚ್ಚಿದರು. ಅದೇ ರೇಷ್ಮೆಯ ಮೂರು ಚೂರು ಸಿಕ್ಕವು. ಕೂಡಿಸಿ, ಕೂಡಿಸಿದ ಗೆರೆಯ ಮೇಲೆ ಜರಿ ಪೈಪಿಂಗ್ ಕೊಟ್ಟು, ಅದು ಡಿಸೈನೇ ಅನ್ನುವ ಹಾಗೆ ಮಾಡಿದರು. ಎಡತೋಳನ್ನೂ ಬಿಚ್ಚಿ ಹಾಗೇ ಹೊಲಿದರು. ಮುಗಿಯುವಾಗ ಬೆಳಗಿನ ನಾಲ್ಕು ಗಂಟೆ.

ಆ ಬ್ಲೌಸ್ ಕೊಡಲು ಕಾಫಿ ಎಸ್ಟೇಟಿನ ಬಂಗಲೆಗೆ ಹೋದೆವು. ಮುಂದಿನ ಮೆಟ್ಟಿಲು ಹತ್ತುವಾಗ ಯಾರೋ ‘ಹಿಂದ್ಗಡೆಯಿಂದ ಬಾ’ ಅಂದರು. ಅಮ್ಮ ತಿರುಗಿ ಅಡುಗೆಮನೆ ಕಡೆ ನಡೆದರು. ನಾನು ಚೀಲ ಹಿಡಿದು ಹಿಂದೆ ಹೋದೆ. ಒಳಗೆ ಎಲ್ಲರೂ ಆ ಪೈಪಿಂಗ್ ನೋಡಿ ಎಷ್ಟು ಚೆನ್ನಾಗಿದೆ ಅಂದರು.

ಆನ್ ಲೋ ಅವರಿಗೂ ಮದುವೆ ಮನೆಯಲ್ಲಿ ಹಿಂಬಾಗಿಲು ತೋರಿಸಿದರು. ಮುಂಬಾಗಿಲಿಂದ ಬಿಡದಿದ್ದರೆ ಗೌನ್ ವಾಪಸ್ ತಗೊಂಡು ಹೋಗುತ್ತೇನೆ ಅಂದರು ಅವರು. ಮುಂಬಾಗಿಲಿಂದಲೇ ಒಳಗೆ ಹೋದರು. ಈ ಸಾಲನ್ನು ನಾನು ಎಷ್ಟು ಸಲ ಓದಿದೆನೋ! ಅಮ್ಮ ಯಾಕೆ ಹಾಗೆ ಅನ್ನಲಿಲ್ಲ ಅಂತ ನಾನು ಕೇಳುವುದಿಲ್ಲ. ಆ ದುಡ್ಡಲ್ಲಿ ನನ್ನ ಸ್ಕೂಲ್ ಫೀಸ್ ಇತ್ತು.

ಮದುವೆಯ ಮಾರನೇ ದಿನ ಪತ್ರಿಕೆಗಳು ಗೌನನ್ನು ಇಂಚಿಂಚಾಗಿ ಹೊಗಳಿದವು. ಆನ್ ಲೋ ಹೆಸರು ಮಾತ್ರ ಎಲ್ಲೋ ಒಂದು ಕಡೆ ಬಿಟ್ಟರೆ ಬರಲಿಲ್ಲ. ಶ್ರೀಮಂತರ ಜೊತೆಗಿದ್ದೂ ಅವರು ದುಡ್ಡು ಮಾಡಲಿಲ್ಲ. ಕೇಳಿದ್ದೇ ಕಡಿಮೆ, ಅದರಲ್ಲೂ ಚೌಕಾಸಿ. 1962ರ ಹೊತ್ತಿಗೆ ತೆರಿಗೆ ಬಾಕಿಗೆ ಅಂಗಡಿ ಮುಚ್ಚಬೇಕಾಯಿತು. ಗ್ಲುಕೋಮಾದಿಂದ ಒಂದು ಕಣ್ಣು ತೆಗೆಸಿದರು. ಆಮೇಲೂ ಹೊಲಿದರು. 1981ರಲ್ಲಿ ತೀರಿಕೊಂಡರು.

ಇದು ಆ ಕಾಲದ್ದು, ಆ ದೇಶದ್ದು ಅಂತ ನನಗೆ ಅನ್ನಿಸುವುದಿಲ್ಲ. ಹೋದ ಸೀಸನ್ನಿನಲ್ಲಿ ನಾನು ಹೊಲಿದ ಒಂದು ಆರಿ ವರ್ಕ್ (ಕೊಕ್ಕೆ ಸೂಜಿಯ ಕಸೂತಿ) ಬ್ಲೌಸ್ ಇನ್‌ಸ್ಟಾಗ್ರಾಂನಲ್ಲಿ ಬಂತು. ಕೆಳಗೆ ಮೇಕಪ್ ಮಾಡಿದವರು, ಫೋಟೋ ತೆಗೆದವರು, ಸೀರೆ ಅಂಗಡಿ, ಒಡವೆ ಅಂಗಡಿ, ಹೂವಿನ ಜಡೆ ಕಟ್ಟಿದವರು, ಎಲ್ಲರ ಹೆಸರೂ ಇತ್ತು. ಆರಿ ಸ್ಟ್ಯಾಂಡ್ ಮುಂದೆ ಹನ್ನೊಂದು ದಿನ ಕೂತ ನನ್ನ ಹುಡುಗಿಯದ್ದೂ ಇಲ್ಲ, ನನ್ನದೂ ಇಲ್ಲ. ಕೆಟ್ಟ ಮನಸ್ಸಿನಿಂದ ಬಿಟ್ಟಿದ್ದಲ್ಲ, ಅವರಿಗೆ ಹೊಳೆಯಲೇ ಇಲ್ಲ. ನನಗೆ ಜಾಸ್ತಿ ನೋವಾಗಿದ್ದು ಅದೇ. ಹೆಸರು ಹೋಗದಿದ್ದರೆ ಮುಂದಿನ ಗಿರಾಕಿ ಬರುವುದು ಹೇಗೆ? ‘ಬ್ಲೌಸಿಗೆ ಇಷ್ಟೊಂದಾ?’ ಅನ್ನುವ ಚೌಕಾಸಿ ನಿಲ್ಲುವುದಾದರೂ ಹೇಗೆ?

ನಮ್ಮ ಜಿಲ್ಲೆಯವರಿಗೆ ಇದು ಗೊತ್ತಿಲ್ಲದ ವಿಷಯ ಅಲ್ಲ ಅಲ್ವಾ? ಬೇಲೂರಿನ ಮದನಿಕೆಯರ ಪೀಠದಲ್ಲಿ ಕೆತ್ತಿದವರ ಹೆಸರಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಗುಡಿ ಕಟ್ಟಿಸಿದ್ದು ವಿಷ್ಣುವರ್ಧನ, 1117ರಲ್ಲಿ. ರಾಜನ ಹೆಸರೂ ಉಳಿಯಿತು, ಉಳಿ ಹಿಡಿದವರ ಹೆಸರೂ ಉಳಿಯಿತು.

ಈ ತಿಂಗಳಿಂದ ನನ್ನ ಪ್ರತಿ ಬ್ಲೌಸಿನ ಒಳಗೆ, ಬೆನ್ನಿನ ಪಟ್ಟಿ ಹತ್ತಿರ, ಚಿಕ್ಕ ಲೇಬಲ್ ಹಾಕುತ್ತಿದ್ದೇನೆ. ಅಂಗಡಿ ಹೆಸರು, ಆರಿ ಮಾಡಿದ ಹುಡುಗಿಯ ಹೆಸರು. ಮೊದಲನೇ ಲೇಬಲನ್ನು ಅಮ್ಮನ ಹಳೇ ಬ್ಲೌಸಿಗೆ ಹೊಲಿದೆ. ಅವರೇ ಹೊಲಿದುಕೊಂಡಿದ್ದ ಬ್ಲೌಸ್, ಅವರದ್ದೇ ಹೆಸರು. ಕನ್ನಡಕ ಹಾಕಿಕೊಂಡು ಓದಿದರು, ಆಮೇಲೆ ಹೆಮ್ಮಿಂಗ್ ಸರಿ ಇದೆಯಾ ಅಂತ ತಿರುಗಿಸಿ ನೋಡಿದರು.

ನಿಮ್ಮ ಮದುವೆ ಬ್ಲೌಸ್ ಹೊಲಿದವರು ಯಾರು? ನೆನಪಿದ್ದರೆ ಕೆಳಗೆ ಅವರ ಹೆಸರು, ಊರು ಬರೆಯಿರಿ. ನೆನಪಿಲ್ಲದಿದ್ದರೆ ಮನೆಯಲ್ಲಿ ಕೇಳಿ ಬರೆಯಿರಿ.